ಡೋಲು ಕಿತ್ತುಕೊಂಡ ಮೇಲೂ ಉಳಿದ ತಾಳ: ಅಮೆರಿಕಗಳ ಸಂಗೀತದಲ್ಲಿ ಆಫ್ರಿಕಾ

ಹಳೇ ರೆಕಾರ್ಡು

ಜಾಝ್, ಬ್ಲೂಸ್, ಸಾಂಬಾ, ಸಾಲ್ಸಾ, ಯಾವುದರ ಬಗ್ಗೆ ಮಾತು ಬಂದರೂ ನಮ್ಮ ಕಡೆ ಒಂದು ಮಾತು ಬಂದೇ ಬರುತ್ತದೆ: "ಅವರ ರಕ್ತದಲ್ಲೇ ತಾಳ ಇದೆ ಬಿಡಿ." ಹೊಗಳಿಕೆಯ ಹಾಗೇ ಕೇಳಿಸುತ್ತದೆ. ನನಗೆ ಮಾತ್ರ ಅದನ್ನು ಕೇಳಿದಾಗಲೆಲ್ಲ ಬೇಜಾರಾಗುತ್ತದೆ. ಒಬ್ಬ ಮೃದಂಗ ವಿದ್ವಾಂಸರ ಬಗ್ಗೆ ನಾವು ಹಾಗೆ ಮಾತಾಡುವುದಿಲ್ಲ. ಗುರು ಯಾರು, ಎಷ್ಟು ವರ್ಷ ಪಾಠವಾಯಿತು ಅಂತ ಕೇಳುತ್ತೇವೆ. ಆಫ್ರಿಕಾದಿಂದ ಹಡಗಿನಲ್ಲಿ ಸರಪಳಿ ಬಿಗಿದು ಸಾಗಿಸಿದ ಜನರ ಜೊತೆ ಹೋದದ್ದೂ ಅಂಥದ್ದೇ ವಿದ್ಯೆ. ಲೆಕ್ಕ ಇದೆ, ಪಾಠ ಇದೆ, ತಪ್ಪು ಸರಿ ಇದೆ.

ಇದಕ್ಕೆ ದೊಡ್ಡ ಸಾಕ್ಷಿ ಒಂದು ಕಾನೂನು. 1739ರ ಸೆಪ್ಟೆಂಬರ್ 9, ಭಾನುವಾರ. ಸೌತ್ ಕೆರೊಲಿನಾದ ಸ್ಟೋನೊ ನದಿಯ ಹತ್ತಿರ ಸುಮಾರು ಇಪ್ಪತ್ತು ಜನ ಗುಲಾಮರು ಒಂದು ಅಂಗಡಿಗೆ ನುಗ್ಗಿ ಬಂದೂಕು, ಮದ್ದು ಎತ್ತಿಕೊಂಡರು. ಮುಂದಾಳಿನ ಹೆಸರು ಜೆಮ್ಮಿ. ಹೆಚ್ಚಿನವರು ಕಾಂಗೋ ರಾಜ್ಯದ ಕಡೆಯವರು ಎಂದು ಇತಿಹಾಸಕಾರರು ಹೇಳುತ್ತಾರೆ. ಸ್ಪೇನಿನ ಕೈಯಲ್ಲಿದ್ದ ಫ್ಲಾರಿಡಾ ಮುಟ್ಟಿದರೆ ಬಿಡುಗಡೆ ಸಿಗುತ್ತದೆ ಎಂದು ದಕ್ಷಿಣಕ್ಕೆ ಹೊರಟರು. ಬಾವುಟ ಹಿಡಿದು, ಡೋಲು ಬಡಿಯುತ್ತಾ ಹೊರಟರು. ದಾರಿಯುದ್ದಕ್ಕೂ ಇನ್ನಷ್ಟು ಜನ ಬಂದು ಸೇರಿಕೊಂಡರು. ದಂಗೆಯನ್ನು ರಕ್ತ ಹರಿಸಿ ಅಡಗಿಸಿದರು. ಮರುವರ್ಷ, 1740ರಲ್ಲಿ ಕಾನೂನು ಬಂತು. ಗುಲಾಮರು ಡೋಲು, ಕೊಂಬು, ಜೋರು ಸದ್ದಿನ ಯಾವ ವಾದ್ಯವನ್ನೂ ಇಟ್ಟುಕೊಳ್ಳುವಂತಿಲ್ಲ, ಬಳಸುವಂತಿಲ್ಲ. ಅವರಿಗೆ ಬರೆಯಲು ಕಲಿಸುವುದಕ್ಕೂ ಅದೇ ಕಾನೂನು ತಡೆ ಹಾಕಿತು. ಡೋಲೂ ಅಕ್ಷರವೂ ಒಂದೇ ಕಾನೂನಿನಲ್ಲಿ! ಬರೀ ಗಲಾಟೆಗೆ ಯಾರೂ ಇಷ್ಟು ಹೆದರುವುದಿಲ್ಲ.

ಆಮೇಲೆ ತಾಳ ಎಲ್ಲಿಗೆ ಹೋಯಿತು? ಅಂಗೈಗೆ, ಹಿಮ್ಮಡಿಗೆ, ಮರದ ನೆಲಕ್ಕೆ. ಜಾರ್ಜಿಯಾ, ಸೌತ್ ಕೆರೊಲಿನಾ ಕರಾವಳಿಯ ಗಲ್ಲಾ–ಗೀಚಿ ಜನರಲ್ಲಿ, ಅಂದರೆ ಅಲ್ಲಿನ ಗುಲಾಮರ ವಂಶದವರಲ್ಲಿ, ರಿಂಗ್ ಶೌಟ್ ಅಂತ ಒಂದು ಆರಾಧನೆ ಇದೆ. ಒಬ್ಬ ಹಾಡು ಎತ್ತುತ್ತಾನೆ, ಉಳಿದವರು ಉತ್ತರ ಹಾಡುತ್ತಾರೆ. ಅಪ್ರದಕ್ಷಿಣೆಯಾಗಿ ಸುತ್ತುತ್ತಾರೆ. ಪಾದ ನೆಲ ಬಿಡಬಾರದು, ಒಂದು ಕಾಲು ಇನ್ನೊಂದನ್ನು ದಾಟಬಾರದು. ದಾಟಿದರೆ ಅದು ಕುಣಿತ, ಕುಣಿತ ಪಾಪ. ಪಕ್ಕದಲ್ಲಿ ಒಬ್ಬ ಕುರ್ಚಿ ಹಾಕಿಕೊಂಡು ಪೊರಕೆಯ ಹಿಡಿಯನ್ನು ಹಲಗೆ ನೆಲಕ್ಕೆ ಕುಟ್ಟುತ್ತಾನೆ. ಡೋಲಿನ ಕೆಲಸವನ್ನೆಲ್ಲ ಆ ಕೋಲೇ ಮಾಡುತ್ತದೆ. ಜಾರ್ಜಿಯಾದ ಮೆಕಿಂಟಾಶ್ ಕೌಂಟಿಯಲ್ಲಿ ಹೊಸ ವರ್ಷದ ಹಿಂದಿನ ರಾತ್ರಿ ಇದು ಇವತ್ತಿಗೂ ನಡೆಯುತ್ತದೆ. ಅಲ್ಲಿನ ಮೆಕಿಂಟಾಶ್ ಕೌಂಟಿ ಶೌಟರ್ಸ್ ತಂಡಕ್ಕೆ 1993ರಲ್ಲಿ ಅಮೆರಿಕದ ರಾಷ್ಟ್ರೀಯ ಪರಂಪರೆ ಗೌರವ ಸಿಕ್ಕಿತು.

ಕೆರಿಬಿಯನ್, ಬ್ರೆಜಿಲ್ ಕಡೆ ತಿಳಿದವರು, ವಾದ್ಯ ನುಡಿಸುವವರು ದಯವಿಟ್ಟು ಬರೆಯಿರಿ. "ಎನರ್ಜಿ", "ಫೀಲ್" ಮಾತು ಬೇಡ. ಏನು ದಾಟಿತು, ಹೇಗೆ ದಾಟಿತು, ಅದು ಬೇಕು.

ಲಯವಿನ್ಯಾಸ

ಮೃದಂಗ ಕಲಿಯುತ್ತಿದ್ದೇನೆ, ಹಾಗಾಗಿ ಲೆಕ್ಕದ ಕಡೆಯಿಂದ ಬರುತ್ತೇನೆ. ಓದಬೇಡಿ, ಮಾಡಿ ನೋಡಿ.

ಕಾಲಲ್ಲಿ ಸಮನಾಗಿ ನಾಲ್ಕು ಹೆಜ್ಜೆ ಹಾಕಿ. ಹೆಜ್ಜೆಗೆ ನಾಲ್ಕು ಅಕ್ಷರ, ಒಟ್ಟು 16. ಈಗ ಬಾಯಲ್ಲಿ ಹೇಳಿ: ತಕಿಟ ತಕಿಟ ತಕಧಿಮಿ ತಕ ತಕಧಿಮಿ. ಪ್ರತಿ ಸೊಲ್ಲಿನ ಮೊದಲ ಅಕ್ಷರಕ್ಕೆ ಮಾತ್ರ ಚಪ್ಪಾಳೆ. ಐದು ಚಪ್ಪಾಳೆ ಬಂತಲ್ವಾ? 3+3+4+2+4. ಕ್ಯೂಬಾದ ಸೋನ್ ಎಂಬ ಸಂಗೀತದ ಲಯದ ಪಾಠ, ಸೋನ್ ಕ್ಲಾವೆ, ಅಂದರೆ ಇದೇ. ಎರಡು ಗಟ್ಟಿ ಮರದ ಕಡ್ಡಿಗಳಿಂದ ನುಡಿಸುತ್ತಾರೆ. ಒಂದನ್ನು ಬೊಗಸೆ ಮಾಡಿದ ಅಂಗೈಯ ಮೇಲೆ ಹಗುರಾಗಿ ಇಟ್ಟುಕೊಂಡು ಇನ್ನೊಂದರಿಂದ ಹೊಡೆಯುತ್ತಾರೆ. ಬೆರಳು ಬಿಗಿಯಾದರೆ ನಾದ ಸತ್ತು ಹೋಗುತ್ತದೆ.

ಮೂರನೇ ಪೆಟ್ಟನ್ನು ಒಂದೇ ಅಕ್ಷರ ತಡ ಮಾಡಿ: ತಕಿಟ ತಕಧಿಮಿ ತಕಿಟ ತಕ ತಕಧಿಮಿ. ಈಗ ಅದು ರುಂಬಾ ಕ್ಲಾವೆ. ಒಂದಕ್ಷರ ಆಚೀಚೆ ಆಗಿದ್ದಕ್ಕೆ ಇಡೀ ನಡೆಯೇ ಬೇರೆ ಅನ್ನಿಸುತ್ತದೆ.

ಮೊದಲ ಮೂರು ಸೊಲ್ಲನ್ನು ಚಿಕ್ಕದು ಮಾಡಿ, ತಕಿಟ ತಕಿಟ ತಕ, 3+3+2. ಇದು ನ್ಯೂ ಆರ್ಲಿಯನ್ಸ್ ಬ್ಯಾಂಡುಗಳಲ್ಲಿ ಇದೆ, ಹವಾನಾದ ಹಬನೇರಾದಲ್ಲಿ ಇದೆ, ಹಳೇ ಸಾಂಬಾಗಳಲ್ಲಿ ಇದೆ. ಇವತ್ತು ಮದುವೆ ಮನೆಯ ಡಿಜೆ ಹಾಕುವ ರೆಗ್ಗಟೋನ್ ಹಾಡುಗಳಲ್ಲೂ ಇದೇ. ನೀವು ಹೇಳಿದ ರಿಂಗ್ ಶೌಟ್ ಚಪ್ಪಾಳೆಯಲ್ಲೂ ಇದೇ ಸಿಗುತ್ತದೆ ಸರ್, ಗಮನ ಇಟ್ಟು ಕೇಳಿ.

ಮೂಲ ಎಲ್ಲಿ ಅಂದರೆ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಗಂಟೆ ವಾದ್ಯಗಳಲ್ಲಿ. ಘಾನಾ, ಟೋಗೋದ ಎವೆ ಜನರ ಹತ್ತಿರ ಗಾಂಕೋಗಿ ಎಂಬ ಎರಡು ಬಾಯಿಯ ಕಬ್ಬಿಣದ ಗಂಟೆ ಇದೆ. ಅದರ ಒಂದು ಪಾಠ 12 ಅಕ್ಷರಕ್ಕೆ ಏಳು ಪೆಟ್ಟು: ತಕ ತಕ ತ ತಕ ತಕ ತಕ ತ. ನೈಜೀರಿಯಾದ ಯೊರುಬಾ ಜನರಲ್ಲೂ ಇದು ಇದೆ. ಕ್ಯೂಬಾದಲ್ಲಿ ಇದನ್ನೇ ಗುದ್ದಲಿಯ ಅಲಗಿನ ಮೇಲೆ ಕಬ್ಬಿಣದ ತುಂಡಿನಿಂದ ಹೊಡೆಯುತ್ತಾರೆ. ಕಬ್ಬಿನ ಗದ್ದೆಯಲ್ಲಿ ದುಡಿಸಿಕೊಂಡವರ ಕೈಗೆ ಸಿಕ್ಕಿದ್ದು ಅದು. ಸಾಗರದ ಎರಡೂ ದಡದಲ್ಲಿ ಏಳು ಪೆಟ್ಟು, ಅದೇ ಅಂತರ, ಅದೇ ಕ್ರಮ. ಘಾನಾದ ವಿದ್ವಾಂಸ ಜೆ. ಎಚ್. ಕ್ವಾಬೆನಾ ಎನ್‌ಕೆಟಿಯಾ ಇಂಥ ಪಾಠಗಳನ್ನು ಟೈಮ್‌ಲೈನ್ ಎಂದು ಕರೆದರು. ತಂಡದಲ್ಲಿ ಎಲ್ಲರೂ ಇದಕ್ಕೆ ಕಿವಿ ಕೊಟ್ಟೇ ತಮ್ಮ ಭಾಗ ನುಡಿಸಬೇಕು.

ಪ್ರಶ್ನೆಪತ್ರಿಕೆ

ಹಾಗಾದರೆ ಕ್ಲಾವೆ ಅಂದರೆ ನಮ್ಮ ತಾಳವೇ ಅಲ್ವಾ? 16 ಅಕ್ಷರ, ಆದಿತಾಳದ ಅರ್ಧ ಆವರ್ತ.

ಲಯವಿನ್ಯಾಸ

ಎಣಿಸುವುದಕ್ಕೆ ಸುಲಭ ಅಂತ ನಮ್ಮ ಸೊಲ್ಲು ಬಳಸಿದೆ, ಅಷ್ಟೇ. ಕೆಲಸ ಬೇರೆ. ನಮ್ಮಲ್ಲಿ ಸಮ ಅನ್ನುವ ಜಾಗ ಇದೆ, ಎಲ್ಲ ಮುಕ್ತಾಯವೂ ಅಲ್ಲಿಗೆ ಬಂದು ನಿಲ್ಲುತ್ತದೆ ಅಥವಾ ಎಡುಪಿಗೆ, ಅಂದರೆ ಹಾಡು ಎತ್ತುವ ಜಾಗಕ್ಕೆ, ಬರುತ್ತದೆ. ಕ್ಲಾವೆಗೆ ಎರಡು ಮಗ್ಗುಲು: ಮೂರು ಪೆಟ್ಟಿನದು, ಎರಡು ಪೆಟ್ಟಿನದು. ಮೂರರ ಕಡೆ ಎಳೆತ ಜಾಸ್ತಿ, ಎರಡರ ಕಡೆ ಸಮಾಧಾನ. ಹಾಡಿನ ಸಾಲು ಯಾವ ಮಗ್ಗುಲಿಗೆ ಒರಗಿದೆ ಎಂದು ಗೊತ್ತಿರಬೇಕು. ಹಾಡು ಎರಡರ ಕಡೆಯಿಂದಲೂ ಶುರುವಾಗಬಹುದು. ಒಮ್ಮೆ ಶುರುವಾದ ಮೇಲೆ ಕ್ಲಾವೆ ತಿರುಗುವುದಿಲ್ಲ. ಒಬ್ಬ ಅಡ್ಡ ಮಗ್ಗುಲಲ್ಲಿ ನುಡಿಸಿದರೆ ಇಡೀ ತಂಡಕ್ಕೆ ತಕ್ಷಣ ಗೊತ್ತಾಗುತ್ತದೆ, ಮುಖ ನೋಡುತ್ತಾರೆ. ಹಾಗಾಗಿಯೇ "ರಕ್ತ" ಅನ್ನುವ ಮಾತು ನನಗೂ ಹಿಡಿಸುವುದಿಲ್ಲ. ಮಕ್ಕಳು ದೊಡ್ಡವರ ಪಕ್ಕ ಕೂತು, ಗದರಿಸಿಕೊಂಡು ಕಲಿಯುವ ಶಿಸ್ತು ಇದು.

ರಾಲಿ ಕನ್ನಡಿಗ

ನಾರ್ತ್ ಕೆರೊಲಿನಾದಲ್ಲಿದ್ದೇನೆ. ಬ್ಯಾಂಜೊ ಎಂಬ ತಂತಿವಾದ್ಯ ಕಲಿಯುತ್ತಿದ್ದೇನೆ, ಹಾಗಾಗಿ ಅದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ. ಬೇಸರ ಮಾಡಿಕೊಳ್ಳಬೇಡಿ.

ಇಲ್ಲಿ ಬ್ಯಾಂಜೊ ಅಂದ ಕೂಡಲೇ ಜನರಿಗೆ ನೆನಪಾಗುವುದು ಅಪಲಾಚಿಯನ್ ಬೆಟ್ಟದ ಬಿಳಿಯರು. ಆದರೆ ಹಳೇ ದಾಖಲೆ ತೆಗೆದರೆ ಕಥೆಯೇ ಬೇರೆ. ಇಂಗ್ಲೆಂಡಿನ ವೈದ್ಯ ಹಾನ್ಸ್ ಸ್ಲೋನ್ 1687ರಲ್ಲಿ ಜಮೈಕಾಕ್ಕೆ ಹೋಗಿದ್ದ. ಅಲ್ಲಿನ ಗುಲಾಮರು ನುಡಿಸುತ್ತಿದ್ದ ಸೋರೆಬುರುಡೆಯ ತಂತಿವಾದ್ಯಗಳ ಚಿತ್ರವನ್ನು 1707ರಲ್ಲಿ ಅಚ್ಚು ಹಾಕಿಸಿದ. ಬ್ಯಾಪ್ಟಿಸ್ಟ್ ಎಂಬ ಸಂಗೀತಗಾರ ಬರೆದುಕೊಟ್ಟ ಅವರ ಹಾಡಿನ ಸ್ವರಗಳೂ ಅದರಲ್ಲಿವೆ. ಆ ಹಾಡುಗಳ ತಲೆಬರಹ ಅಂಗೋಲಾ, ಪಾಪಾ, ಕೊರೊಮಾಂಟಿ. ಆಫ್ರಿಕಾದ ಬೇರೆ ಬೇರೆ ಜನಾಂಗದವರು ಒಂದೇ ಕಡೆ ನುಡಿಸುತ್ತಿದ್ದರು ಅಂತ ಅದರಿಂದಲೇ ಗೊತ್ತಾಗುತ್ತದೆ. 1770ರ ದಶಕದಲ್ಲಿ ಸುರಿನಾಮಿನಿಂದ ಸ್ಟೆಡ್‌ಮನ್ ಎಂಬ ಸೈನಿಕ ತಂದ ಒಂದು ವಾದ್ಯ ಇವತ್ತಿಗೂ ನೆದರ್ಲೆಂಡ್ಸಿನ ಮ್ಯೂಸಿಯಮ್ಮಿನಲ್ಲಿದೆ. ಉಳಿದಿರುವ ಬ್ಯಾಂಜೊ ಜಾತಿಯ ವಾದ್ಯಗಳಲ್ಲಿ ತೀರಾ ಹಳೆಯವುಗಳಲ್ಲಿ ಅದೊಂದು.

ನನಗೆ ಆಶ್ಚರ್ಯ ಆಗಿದ್ದು ಕೈಯ ವಿಷಯದಲ್ಲಿ. ಸೆನೆಗಲ್, ಗ್ಯಾಂಬಿಯಾದ ಜೋಲಾ ಜನರ ಹತ್ತಿರ ಅಕೊಂಟಿಂಗ್ ಎಂಬ ವಾದ್ಯ ಇದೆ. ಸೋರೆಬುರುಡೆ, ಅದರ ಮೇಲೆ ಮೇಕೆ ಚರ್ಮ, ಉದ್ದನೆಯ ಕಡ್ಡಿಯ ಕುತ್ತಿಗೆ, ಮೂರು ತಂತಿ. ಅದರಲ್ಲಿ ಒಂದು ಗಿಡ್ಡ ತಂತಿ, ಹೆಬ್ಬೆರಳಿಗೆ ಮೀಸಲು, ಶ್ರುತಿಯ ಹಾಗೆ ಒಂದೇ ಸ್ವರ ಹಿಡಿಯುತ್ತದೆ. ತೋರುಬೆರಳಿನ ಉಗುರು ಮೇಲಿನಿಂದ ಕೆಳಕ್ಕೆ ತಂತಿಯನ್ನು ಹೊಡೆಯುತ್ತದೆ, ಅದರ ಬೆನ್ನಿಗೇ ಹೆಬ್ಬೆರಳು ಗಿಡ್ಡ ತಂತಿಯನ್ನು ಮೀಟುತ್ತದೆ. ನನಗೆ ಇಲ್ಲಿ ಮೊದಲ ಪಾಠದಲ್ಲಿ ಹೇಳಿಕೊಟ್ಟದ್ದು ಇದೇ! ಕ್ಲಾಹ್ಯಾಮರ್ ಅನ್ನುತ್ತಾರೆ. ಗಿಟಾರಿನಲ್ಲಿ ಬೆರಳು ಮೇಲಕ್ಕೆ ಕೀಳುತ್ತದೆ, ಇದರಲ್ಲಿ ಕೆಳಕ್ಕೆ ಬಡಿಯುತ್ತದೆ. ಗಿಟಾರ್ ಬರುವವರಿಗೆ ಮೇಲಕ್ಕೆ ಕೀಳುವ ಆ ಅಭ್ಯಾಸ ಬಿಡಿಸಿಕೊಳ್ಳುವುದೇ ಕಷ್ಟ. ಗ್ಯಾಂಬಿಯಾದ ಡೇನಿಯಲ್ ಜಟ್ಟಾ ಅಮೆರಿಕದಲ್ಲಿ ಓದುತ್ತಿದ್ದಾಗ ಬ್ಯಾಂಜೊ ಕೇಳಿ ತಮ್ಮ ಊರಿನ ವಾದ್ಯ ನೆನೆಸಿಕೊಂಡರು. ವಾಪಸ್ ಹೋಗಿ ಅದನ್ನು ಕಲಿತು, 2000ದ ಹೊತ್ತಿಗೆ ಬ್ಯಾಂಜೊ ಲೋಕದ ಮುಂದೆ ತಂದು ತೋರಿಸಿದರು.

ಅಕೊಂಟಿಂಗ್ ಒಂದೇ ಬ್ಯಾಂಜೊದ ತಾಯಿ ಅಂತ ಹೇಳಲು ಬರುವುದಿಲ್ಲ. ಪಶ್ಚಿಮ ಆಫ್ರಿಕಾದಲ್ಲಿ ಇಂಥ ವಾದ್ಯ ಹತ್ತಾರು ಇವೆ. ಚಪ್ಪಟೆ ಕುತ್ತಿಗೆ, ತಂತಿ ಬಿಗಿಯುವ ಬಿರಡೆ ಯುರೋಪಿನ ಕಡೆಯಿಂದ ಬಂದವು. ಕೆರಿಬಿಯನ್ನಿನಲ್ಲಿ ಗುಲಾಮರ ಕೈಯಲ್ಲಿ ಇವೆಲ್ಲ ಕೂಡಿ ಹೊಸ ವಾದ್ಯ ಆಯಿತು.

ಹಾಗಾದರೆ ಕರಿಯರ ವಾದ್ಯ ಬಿಳಿಯರದ್ದು ಎನಿಸಿಕೊಂಡದ್ದು ಹೇಗೆ? 1840ರ ದಶಕದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು, ಕರಿಯರನ್ನು ಅಣಕಿಸುವ ಮಿನ್‌ಸ್ಟ್ರೆಲ್ ಆಟ ಆಡುತ್ತಿದ್ದರು. ಆ ಆಟದ ಮುಖ್ಯ ವಾದ್ಯ ಬ್ಯಾಂಜೊ. ಅವಮಾನ ಅಂಟಿಕೊಂಡ ವಾದ್ಯವನ್ನು ಎಷ್ಟೋ ಕರಿಯ ಸಂಗೀತಗಾರರು ಕೆಳಗಿಟ್ಟರು. 1920ರ ದಶಕದಲ್ಲಿ ರೆಕಾರ್ಡ್ ಕಂಪನಿಗಳು ಕರಿಯರಿಗೆ "ರೇಸ್ ರೆಕಾರ್ಡ್ಸ್", ಬಿಳಿಯರಿಗೆ "ಹಿಲ್‌ಬಿಲಿ" ಎಂದು ಎರಡು ಪಟ್ಟಿ ಮಾಡಿ ಮಾರಿದವು. ಕರಿಯರು ಬ್ಲೂಸ್ ಹಾಡಲಿ, ಫಿಡಲ್–ಬ್ಯಾಂಜೊ ಬಿಳಿಯರಿಗಿರಲಿ ಅಂತ ಗೋಡೆ ಎದ್ದಿತು. ಆ ಗೋಡೆಯ ಆಚೆಯೂ ನುಡಿಸುತ್ತಲೇ ಇದ್ದವರು ಇದ್ದರು. ನಮ್ಮಿಂದ ಒಂದು ಗಂಟೆ ದೂರದ ಮೆಬೇನಿನ ಜೋ ಥಾಂಪ್ಸನ್ ಅಂಥವರು, 2012ರವರೆಗೆ ಬದುಕಿದ್ದ ಫಿಡಲ್ ವಾದಕ. 2005ರಲ್ಲಿ ಮೂವರು ಯುವ ಕರಿಯ ಕಲಾವಿದರು ಅವರ ಮನೆಗೆ ಹೋಗಿ ಹೋಗಿ ಪಾಠ ಹೇಳಿಸಿಕೊಂಡರು, ಕೆರೊಲಿನಾ ಚಾಕೊಲೇಟ್ ಡ್ರಾಪ್ಸ್ ಎಂಬ ತಂಡ ಕಟ್ಟಿದರು. ಅವರಲ್ಲಿ ಒಬ್ಬರಾದ ರಿಯಾನನ್ ಗಿಡೆನ್ಸ್ 2024ರಲ್ಲಿ ಬಿಯಾನ್ಸೆಯ ಹಾಡಿಗೆ ಬ್ಯಾಂಜೊ ನುಡಿಸಿದರು. ಆ ಹಾಡು ಕಂಟ್ರಿ ಸಂಗೀತದ ಜನಪ್ರಿಯ ಹಾಡುಗಳ ಪಟ್ಟಿಯ ಮೇಲಕ್ಕೆ ಹೋದಾಗ ಇಲ್ಲಿ ದೊಡ್ಡ ಚರ್ಚೆಯೇ ಆಯಿತು.

ಪ್ರಶ್ನೆಪತ್ರಿಕೆ

ಚೆನ್ನಾಗಿದೆ. ಆದರೂ ಎಲ್ಲವನ್ನೂ ಆಫ್ರಿಕಾದ ಲೆಕ್ಕಕ್ಕೆ ಹಾಕುತ್ತಿದ್ದೀರಿ ಅನ್ನಿಸುತ್ತಿದೆ. ತುತ್ತೂರಿ, ಪಿಯಾನೊ, ಫಿಡಲ್, ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಎಲ್ಲ ಯುರೋಪಿನದ್ದೇ ತಾನೇ? ಬ್ಲೂಸಿನ 12 ಬಾರ್ ಚೌಕಟ್ಟಿನ ಮೂರು ಕಾರ್ಡ್‌ಗಳು ಚರ್ಚಿನ ಸಂಗೀತದಲ್ಲೂ ಇವೆ. ಇನ್ನೊಂದು: ಕ್ಯೂಬಾದಲ್ಲಿ ಡೋಲು ಉಳಿಯಿತು, ಅಮೆರಿಕದಲ್ಲಿ ಹೋಯಿತು. ಅದಕ್ಕೆ ಒಂದು ಕಾನೂನು ಕಾರಣ ಅನ್ನುವುದು ಸರಳ ಆಯಿತು. ನ್ಯೂ ಆರ್ಲಿಯನ್ಸಿನಲ್ಲಿ ಡೋಲು ಇತ್ತಲ್ಲ?

ಹಳೇ ರೆಕಾರ್ಡು

ಎರಡನೇ ಪ್ರಶ್ನೆ ಮೊದಲು, ಯಾಕೆಂದರೆ ಅದು ಒಳ್ಳೇ ಪ್ರಶ್ನೆ. ಬರೀ ಕಾನೂನು ಅಲ್ಲ, ಒಪ್ಪಿದೆ. ಅಂಕಿ ನೋಡಿ. ಒಟ್ಟು ಸುಮಾರು 1 ಕೋಟಿ 25 ಲಕ್ಷ ಜನರನ್ನು ಆಫ್ರಿಕಾದಲ್ಲಿ ಹಡಗು ಹತ್ತಿಸಿದರು, ಜೀವಂತ ಇಳಿದವರು ಸುಮಾರು 1 ಕೋಟಿ 7 ಲಕ್ಷ. ಅದರಲ್ಲಿ ಬ್ರೆಜಿಲ್ಲಿಗೆ 48 ಲಕ್ಷದಷ್ಟು. ಈಗಿನ ಅಮೆರಿಕ ದೇಶಕ್ಕೆ ನೇರವಾಗಿ ಬಂದವರು 4 ಲಕ್ಷಕ್ಕೂ ಕಡಿಮೆ. ಅಲ್ಲಿ 1808ರಲ್ಲಿ ಹೊರಗಿನಿಂದ ತರುವುದು ಕಾನೂನಿನಲ್ಲಿ ನಿಂತಿತು. ಕ್ಯೂಬಾಕ್ಕೆ 1860ರ ದಶಕದವರೆಗೂ ಹಡಗು ಬರುತ್ತಲೇ ಇದ್ದವು. ಅಂದರೆ ಹವಾನಾದಲ್ಲಿ ಆಫ್ರಿಕಾದಲ್ಲೇ ಹುಟ್ಟಿ, ಅಲ್ಲೇ ಡೋಲು ಕಲಿತವರು ಮುಂದಿನ ತಲೆಮಾರಿಗೆ ಕೈ ಹಿಡಿದು ಹೇಳಿಕೊಡಲು ಇದ್ದರು. ವರ್ಜೀನಿಯಾದ ಸಣ್ಣ ತೋಟದಲ್ಲಿ ನಾಲ್ಕೈದು ಜನ ಇದ್ದಲ್ಲಿ ಆ ಪಾಠ ನಡೆಯುವುದು ಹೇಗೆ?

ಕ್ಯೂಬಾದಲ್ಲಿ ಇನ್ನೊಂದು ಇತ್ತು, ಕಬಿಲ್ಡೊ. ಒಂದೊಂದು ಜನಾಂಗದವರ ಸಂಘ. ಯೊರುಬಾ ಮೂಲದವರು ಲುಕುಮಿ, ಕಾಂಗೋದವರು, ಅರಾರಾ, ಕರಬಾಲಿ, ಹೀಗೆ. ಕ್ಯಾಥೊಲಿಕ್ ಚರ್ಚಿನ ಹೆಸರಿನಡಿ ನಡೆಯುತ್ತಿದ್ದವು. ಕಾಯಿಲೆಗೆ, ಮಣ್ಣಿಗೆ ದುಡ್ಡು ಕೂಡಿಸುತ್ತಿದ್ದರು. ಜನವರಿ 6ರ ಹಬ್ಬಕ್ಕೆ ಹವಾನಾ ಬೀದಿಯಲ್ಲಿ ತಮ್ಮ ತಮ್ಮ ಡೋಲಿನ ಜೊತೆ ಮೆರವಣಿಗೆ ಹೊರಡುತ್ತಿದ್ದರು. ಆಡಳಿತಕ್ಕೆ ಇದು ಜನಾಂಗ ಜನಾಂಗಗಳನ್ನು ಬೇರೆ ಬೇರೆ ಇಡುವ ಉಪಾಯ. ಅವರಿಗೆ ಮಾತ್ರ ಅದೇ ಪಾಠಶಾಲೆ ಆಯಿತು.

ನ್ಯೂ ಆರ್ಲಿಯನ್ಸ್ ಫ್ರೆಂಚರು, ಸ್ಪೇನಿನವರು ಆಳಿದ ಊರು, ಹಾಗಾಗಿ ಅಲ್ಲಿ ನಡೆ ಬೇರೆ. 1817ರಲ್ಲಿ ನಗರಸಭೆ ಗುಲಾಮರು ಭಾನುವಾರ ಮಾತ್ರ, ಮೇಯರ್ ಹೇಳಿದ ಜಾಗದಲ್ಲಿ ಮಾತ್ರ ಸೇರಿ ಕುಣಿಯಬಹುದು ಎಂದಿತು. ಆ ಜಾಗವೇ ಕಾಂಗೋ ಸ್ಕ್ವೇರ್. 1819ರಲ್ಲಿ ಬೆಂಜಮಿನ್ ಲಾಟ್ರೋಬ್ ಎಂಬ ವಾಸ್ತುಶಿಲ್ಪಿ ಅಲ್ಲಿಗೆ ಹೋಗಿ ಕಂಡದ್ದನ್ನು ದಿನಚರಿಯಲ್ಲಿ ಬರೆದು, ಚಿತ್ರವನ್ನೂ ಬಿಡಿಸಿಟ್ಟ. ಡೋಲುಗಳ ಜೊತೆ ಒಂದು ಬುರುಡೆಯ ತಂತಿವಾದ್ಯ ಇತ್ತು. ಅದರ ಕುತ್ತಿಗೆಯ ತುದಿಯಲ್ಲಿ ಕೂತ ಮನುಷ್ಯನ ಕೆತ್ತನೆ, ಅದರ ಬೆನ್ನ ಹಿಂದೆ ತಂತಿ ಕಟ್ಟುವ ಎರಡು ಗೂಟ. ಅವನಿಗೆ ಆ ಕುಣಿತ ಹಿಡಿಸಲಿಲ್ಲ, ಆದರೂ ಕಂಡದ್ದನ್ನು ಚೆನ್ನಾಗಿ ಗಮನಿಸಿದ. ಆ ಚಿತ್ರ ಇಲ್ಲದಿದ್ದರೆ ನಮಗೆ ಎಷ್ಟೋ ಗೊತ್ತಾಗುತ್ತಿರಲಿಲ್ಲ.

ಯುರೋಪಿನ ಪಾಲು ಇಲ್ಲ ಅಂತ ಯಾರೂ ಹೇಳಿಲ್ಲ. ನೋಡಬೇಕಾದ್ದು ಆ ಪಿಯಾನೊ, ತುತ್ತೂರಿಗಳನ್ನು ಹೇಗೆ ನುಡಿಸಿದರು ಅನ್ನುವುದನ್ನು. ಬ್ಲೂಸಿನಲ್ಲಿ ಗಾಂಧಾರ ಎಲ್ಲಿ ನಿಲ್ಲುತ್ತದೆ ಕೇಳಿ. ಸಾಧಾರಣ ಗಾಂಧಾರವೂ ಅಲ್ಲ, ಅಂತರ ಗಾಂಧಾರವೂ ಅಲ್ಲ, ನಡುವೆ ಎಲ್ಲೋ ಜಾರುತ್ತಾ ಇರುತ್ತದೆ. ಪಿಯಾನೊದಲ್ಲಿ ಆ ಜಾಗಕ್ಕೆ ಪಟ್ಟಿಯೇ ಇಲ್ಲ. ಅದಕ್ಕೇ ಎರಡೂ ಪಟ್ಟಿಯನ್ನು ಒಟ್ಟಿಗೆ ಒತ್ತಿ ಕಚ್ಚಿಸುತ್ತಾರೆ. ಗಿಟಾರಿನಲ್ಲಿ ತಂತಿ ಎಳೆಯುತ್ತಾರೆ, ಇಲ್ಲವೇ ಚಾಕು, ಬಾಟಲಿ ಕುತ್ತಿಗೆ ಜಾರಿಸುತ್ತಾರೆ. ಮಿಸಿಸಿಪ್ಪಿಯ ಹುಡುಗರು ಮನೆಯ ಗೋಡೆಗೆ ಎರಡು ಮೊಳೆ ಹೊಡೆದು, ಒಂದೇ ತಂತಿ ಬಿಗಿದು, ಬಾಟಲಿ ಜಾರಿಸಿ ಕಲಿಯುತ್ತಿದ್ದರು. ಡಿಡ್ಲಿ ಬೋ ಅನ್ನುತ್ತಾರೆ. ಇಂಥ ಒಂಟಿ ತಂತಿಯ ವಾದ್ಯಗಳು ಮಧ್ಯ ಆಫ್ರಿಕಾದ ಮಕ್ಕಳ ಕೈಯಲ್ಲೂ ಇವೆ ಎಂದು ಸಂಗೀತ ಸಂಶೋಧಕ ಗೆರ್ಹಾರ್ಡ್ ಕುಬಿಕ್ ಬರೆದಿದ್ದಾರೆ.

ಲಯವಿನ್ಯಾಸ

ಕ್ಯೂಬಾದ ಬಟಾ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಯೊರುಬಾ ದೇವತೆಗಳ ಪೂಜೆಗೆ ನುಡಿಸುವ ಮೂರು ಡೋಲು: ಇಯಾ, ಇಟೊಟೆಲೆ, ಒಕೊಂಕೊಲೊ. ಮೃದಂಗದ ಹಾಗೇ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಎರಡೂ ಮುಖಕ್ಕೆ ಕೈಯಲ್ಲಿ ನುಡಿಸುತ್ತಾರೆ. ಒಂದು ಮುಖ ದೊಡ್ಡದು, ಒಂದು ಚಿಕ್ಕದು. ಎಲ್ಲಕ್ಕಿಂತ ದೊಡ್ಡದಾದ ಇಯಾದ ದೊಡ್ಡ ಮುಖಕ್ಕೆ ಅಂಟಿನಂಥ ಒಂದು ಲೇಪ ಹಚ್ಚುತ್ತಾರೆ, ಹೆಚ್ಚುವರಿ ಝೇಂಕಾರ ಕಡಿಮೆಯಾಗಲಿ ಅಂತ. ನಾವು ಎಡಮುಖಕ್ಕೆ ರವೆ ಹಚ್ಚುವವರು, ಇದನ್ನು ನೋಡಿ ಎಷ್ಟು ಖುಷಿಯಾಯಿತು ಹೇಳಲಾರೆ. ನಂಟು ಇದೆ ಅಂತ ಅಲ್ಲ. ಎರಡು ಕಡೆಯ ವಾದಕರೂ ಒಂದೇ ತೊಂದರೆಗೆ ಒಂದೇ ದಾರಿ ಕಂಡುಕೊಂಡಿದ್ದಾರೆ.

ಯೊರುಬಾ ಭಾಷೆಯಲ್ಲಿ ಸ್ಥಾಯಿ ಬದಲಾದರೆ ಅರ್ಥ ಬದಲಾಗುತ್ತದೆ. ಆ ಏರಿಳಿತವನ್ನು ಬಟಾ ನುಡಿಸುತ್ತದೆ, ಅಂದರೆ ದೇವರ ಸ್ತುತಿಯನ್ನು ಡೋಲೇ ಹೇಳುತ್ತದೆ.

ಕಡಲತೀರ

ಇಷ್ಟು ಹೊತ್ತು ಬರೀ ತಾಳದ ಮಾತಾಯಿತು, ಒಂದು ಹಾಡಿನ ಕಥೆ ಹೇಳಲಾ? ಕೇಳಿದಾಗ ಎರಡು ದಿನ ತಲೆಯಿಂದ ಹೋಗಲಿಲ್ಲ.

1930ರ ದಶಕದ ಆರಂಭದಲ್ಲಿ ಲೊರೆಂಜೊ ಡೌ ಟರ್ನರ್ ಎಂಬ ಕರಿಯ ಭಾಷಾವಿಜ್ಞಾನಿ ಗಲ್ಲಾ ಜನರ ಮಾತನ್ನು ರೆಕಾರ್ಡ್ ಮಾಡುತ್ತಾ ಜಾರ್ಜಿಯಾ ಕರಾವಳಿಯ ಹ್ಯಾರಿಸ್ ನೆಕ್ ಎಂಬ ಊರಿಗೆ ಹೋದರು. ಅಲ್ಲಿ ಅಮೇಲಿಯಾ ಡಾಲಿ ಎಂಬಾಕೆ ಒಂದು ಚಿಕ್ಕ ಹಾಡು ಹೇಳಿದರು. ನಾಲ್ಕೈದು ಸಾಲು ಅಷ್ಟೇ. ಹಿರಿಯರಿಂದ ಬಂದದ್ದು, ಅರ್ಥ ಅವರಿಗೇ ಗೊತ್ತಿರಲಿಲ್ಲ. ಆಮೇಲೆ ಸಿಯೆರಾ ಲಿಯೋನಿನ ಒಬ್ಬ ವಿದ್ಯಾರ್ಥಿ ಅದು ಮೆಂಡೆ ಭಾಷೆ ಎಂದು ಗುರುತಿಸಿದ.

ದಶಕಗಳು ಕಳೆದ ಮೇಲೆ ಇತಿಹಾಸಕಾರ ಜೋಸೆಫ್ ಒಪಾಲಾ, ಸಂಗೀತ ಸಂಶೋಧಕಿ ಸಿಂಥಿಯಾ ಶ್ಮಿಟ್, ಮೆಂಡೆ ಭಾಷೆ ಬಲ್ಲ ತಜಿಯೆಫ್ ಕೊರೊಮಾ ಸೇರಿಕೊಂಡು ಆ ಹಾಡಿನ ಊರು ಹುಡುಕಲು ಹೊರಟರು. ಸೆನೆಹುನ್ ಎನ್‌ಗೋಲಾ ಎಂಬ ಹಳ್ಳಿಯಲ್ಲಿ ಬೈಂಡು ಜಬಾಟಿ ಎಂಬ ಹೆಂಗಸಿಗೆ ಅದೇ ಹಾಡು ಬರುತ್ತಿತ್ತು! ಅಜ್ಜಿ ಹೇಳಿಕೊಟ್ಟದ್ದು. ಸತ್ತವರನ್ನು ಕಳಿಸಿಕೊಡುವಾಗ ಸಮಾಧಿಯ ಹತ್ತಿರ ಹೆಂಗಸರು ಹಾಡುತ್ತಿದ್ದ ಹಾಡು. 1997ರಲ್ಲಿ ಅಮೇಲಿಯಾರ ಮಗಳು ಮೇರಿ ಮೊರಾನ್ ಆ ಹಳ್ಳಿಗೆ ಹೋದರು. ತಾಯಿಯಿಂದ ಅವರೂ ಆ ಹಾಡು ಕಲಿತಿದ್ದರು. ಇಬ್ಬರೂ ಹೆಂಗಸರು, ಸಾಗರದ ಎರಡು ದಡದವರು, ಒಂದೇ ಹಾಡು ಹಾಡಿದರು.

ಅರ್ಥ ಗೊತ್ತಿಲ್ಲದಿದ್ದರೂ ಇನ್ನೂರು ವರ್ಷ ಒಂದು ಹಾಡನ್ನು ತಾಯಿ ಮಗಳಿಗೆ ಹೇಳಿಕೊಡುತ್ತಾಳೆ ಅಂದರೆ ಅದು ಅವರಿಗೆ ಎಷ್ಟು ಬೇಕಾಗಿತ್ತು ಯೋಚಿಸಿ.

ರಾಲಿ ಕನ್ನಡಿಗ

ಮೇಡಂ, ಇದು ಗೊತ್ತಿರಲಿಲ್ಲ. ಕಣ್ಣು ತುಂಬಿ ಬಂತು.

ಪೋರ್ಟ್ ಆಫ್ ಸ್ಪೇನ್

ಟ್ರಿನಿಡಾಡ್ ಬಗ್ಗೆ ಯಾರೂ ಬರೆದಿಲ್ಲ, ಅಲ್ಲಿ ಕೆಲಸ ಮಾಡಿ ಬಂದವನು ನಾನು. ಗುಲಾಮಗಿರಿ ಮುಗಿದ ಮೇಲೂ ಅಲ್ಲಿ ಡೋಲಿನ ಜಗಳ ಮುಗಿಯಲಿಲ್ಲ. 1881ರ ಕಾರ್ನಿವಲ್‌ನಲ್ಲಿ ಕರಿಯರು ಪಂಜು, ಡೋಲು ಹಿಡಿದು ಬರುವ ಕ್ಯಾನ್‌ಬುಲೆ ಮೆರವಣಿಗೆಯನ್ನು ಪೊಲೀಸರು ತಡೆಯಲು ಹೋಗಿ ಬೀದಿಯಲ್ಲಿ ಹೊಡೆದಾಟ ಆಯಿತು. 1884ರಲ್ಲಿ ಬ್ರಿಟಿಷ್ ಸರ್ಕಾರ ಡೋಲಿಗೆ ಕಡಿವಾಣ ಹಾಕಿತು. ಜನ ಬಿದಿರು ಕಡಿದು ತಂದರು. ದಪ್ಪ ಬಿದಿರು ನೆಲಕ್ಕೆ ಕುಟ್ಟಿದರೆ ಮಂದ್ರ, ಸಣ್ಣ ಬಿದಿರು ಕೋಲಲ್ಲಿ ಬಡಿದರೆ ತಾರ. ಟಂಬೂ ಬಾಂಬೂ ಅನ್ನುತ್ತಿದ್ದರು. 1930ರ ದಶಕದಲ್ಲಿ ಬಿಸ್ಕತ್ತು ಡಬ್ಬ, ಪೇಂಟ್ ಡಬ್ಬ ಸೇರಿಕೊಂಡವು. ಆಮೇಲೆ ತೈಲದ ಪೀಪಾಯಿ. ಟ್ರಿನಿಡಾಡಿನಲ್ಲಿ ಎಣ್ಣೆ ಬಾವಿಗಳಿದ್ದವು, ಯುದ್ಧದ ಕಾಲಕ್ಕೆ ಅಮೆರಿಕದ ನೌಕಾನೆಲೆಯೂ ಬಂತು, ಪೀಪಾಯಿಗೆ ಬರ ಇರಲಿಲ್ಲ. ತಳವನ್ನು ಸುತ್ತಿಗೆಯಲ್ಲಿ ಬಾಣಲೆಯ ಹಾಗೆ ತಗ್ಗಿಸಿ, ಒಳಗೆ ಒಂದೊಂದು ಸ್ವರಕ್ಕೂ ಒಂದೊಂದು ಉಬ್ಬು ಎತ್ತಿ, ಬೆಂಕಿಗೆ ಕಾಯಿಸಿ ಸ್ಟೀಲ್‌ಪ್ಯಾನ್ ಮಾಡಿದರು. ಎಲಿ ಮ್ಯಾನೆಟ್, ವಿನ್‌ಸ್ಟನ್ "ಸ್ಪ್ರೀ" ಸೈಮನ್ ಇದರಲ್ಲಿ ದೊಡ್ಡ ಹೆಸರು. 1951ರಲ್ಲಿ ಟಾಸ್ಪೊ ಎಂಬ ತಂಡ ಲಂಡನ್ನಿನ ಉತ್ಸವಕ್ಕೆ ಹೋಗಿ ನುಡಿಸಿತು. ಅದಕ್ಕೂ 70 ವರ್ಷದ ಹಿಂದೆ ಡೋಲಿಗಾಗಿ ಲಾಠಿ ತಿಂದ ಬೀದಿಯವರ ಮೊಮ್ಮಕ್ಕಳು ಅವರು.

ನಮ್ಮವರಿಗೆ ಗೊತ್ತಿರಬೇಕಾದ ಇನ್ನೊಂದು ವಿಷಯ. ಅದೇ 1884ರ ಅಕ್ಟೋಬರಿನಲ್ಲಿ ಭಾರತದಿಂದ ಕೂಲಿಗೆ ಹೋದವರ ಹೊಸೆ ಮೆರವಣಿಗೆ, ಅಂದರೆ ಮೊಹರಂ ತಾಜಿಯಾ, ಅದರ ಮೇಲೂ ಅದೇ ಸರ್ಕಾರ ಗುಂಡು ಹಾರಿಸಿತು. ಹಲವರು ಸತ್ತರು. ಹಿಂದೂ, ಮುಸ್ಲಿಂ ಇಬ್ಬರೂ ಆ ಮೆರವಣಿಗೆಯಲ್ಲಿದ್ದರು. ಕರಿಯರ ಡೋಲು, ಭಾರತೀಯರ ತಾಸೆ, ಎರಡಕ್ಕೂ ಒಂದೇ ವರ್ಷ ಪೆಟ್ಟು.

ಯಲ್ಲಾಪುರ ರಸ್ತೆ

ನಮ್ಮ ಜಿಲ್ಲೆಯ ಸಿದ್ದಿಗಳ ಹೆಸರು ಇನ್ನೂ ಬಂದಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಇದ್ದಾರೆ. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ತಪ್ಪಿಸಿಕೊಂಡು, ಬಿಡುಗಡೆಯಾಗಿ ಬಂದವರ ಮಕ್ಕಳು ಮೊಮ್ಮಕ್ಕಳು. ಅವರ ಡಮಾಮಿ ಕುಣಿತ ನೋಡಿದರೆ ನೀವು ಹೇಳಿದ ಕರೆ–ಉತ್ತರ, ಚಪ್ಪಾಳೆ ಎಲ್ಲ ಕಾಣುತ್ತದೆ. ಇದೂ ಅದೇ ಸಂಗೀತ ಅನ್ನಬಹುದಾ?

ಹಳೇ ರೆಕಾರ್ಡು

ಅದೇ ಸಂಗೀತ ಅಂತ ಹೇಳಲು ನನಗೆ ಧೈರ್ಯ ಇಲ್ಲ. ಸಿದ್ದಿಗಳ ಹಿರಿಯರು ಹೆಚ್ಚಾಗಿ ಪೂರ್ವ ಆಫ್ರಿಕಾದವರು. ಅಟ್ಲಾಂಟಿಕ್ ದಾಟಿದವರಲ್ಲಿ ಬಹುಪಾಲು ಪಶ್ಚಿಮ, ಮಧ್ಯ ಆಫ್ರಿಕಾದವರು. ಆಫ್ರಿಕಾ ಒಂದು ಊರಲ್ಲ. ಎವೆ ಗಂಟೆಯ ಪಾಠವನ್ನು ಡಮಾಮಿಯಲ್ಲಿ ಹುಡುಕುತ್ತಾ ಹೋದರೆ ನಾವೂ "ರಕ್ತದಲ್ಲೇ ಇದೆ" ಅನ್ನುವವರ ಸಾಲಿಗೇ ಸೇರುತ್ತೇವೆ. ಅವರು ಕೊಂಕಣಿ, ಕನ್ನಡ, ಮರಾಠಿ ನಡುವೆ ತಮ್ಮದೇ ಸಂಗೀತ ಕಟ್ಟಿದ್ದಾರೆ, ಅದನ್ನು ಅವರ ಬಾಯಿಂದಲೇ ಕೇಳಬೇಕು.

ಆದರೆ ಒಂದು ನಿಜವಾದ ಹೋಲಿಕೆ ಇದೆ, ಗುಜರಾತಿನ ಸಿದ್ದಿಗಳಲ್ಲಿ. ಅವರ ಮಲುಂಗಾ ಎಂಬ ವಾದ್ಯ ಬಿಲ್ಲಿನಂತಿದೆ, ಅದಕ್ಕೆ ಸೋರೆಬುರುಡೆ ಕಟ್ಟಿರುತ್ತದೆ, ಕಡ್ಡಿಯಿಂದ ಹೊಡೆಯುತ್ತಾರೆ. ಬ್ರೆಜಿಲ್ಲಿನ ಕಪೊಯೆರಾ ಆಟಕ್ಕೆ ನುಡಿಸುವ ಬೆರಿಂಬಾವ್ ನೋಡಿದವರಿಗೆ ತಕ್ಷಣ ಅದು ನೆನಪಾಗುತ್ತದೆ. ಬೆರಿಂಬಾವ್ ಅಂಗೋಲಾ ಕಡೆಯ ಬಿಲ್ಲುವಾದ್ಯಗಳ ವಂಶದ್ದು. ಒಂದೇ ಖಂಡದ ಬಿಲ್ಲು ಎರಡು ಸಾಗರ ದಾಟಿ ಎರಡು ದಿಕ್ಕಿಗೆ ಹೋಗಿದೆ.

ಪ್ರಶ್ನೆಪತ್ರಿಕೆ

ಒಪ್ಪಿದೆ. ಕಾರ್ಡ್ ಬಗ್ಗೆ ನನ್ನ ತಕರಾರು ಇನ್ನೂ ಇದೆ, ಅದಕ್ಕೆ ಬೇರೆ ಎಳೆ ಶುರು ಮಾಡುತ್ತೇನೆ. ಈಗ ಕೇಳುವುದು ಎಲ್ಲಿಂದ ಶುರು ಮಾಡಲಿ ಹೇಳಿ.

ಹಳೇ ರೆಕಾರ್ಡು

ಮೊದಲು ಮೆಕಿಂಟಾಶ್ ಕೌಂಟಿ ಶೌಟರ್ಸ್. ಕೋಲಿನ ಸದ್ದಿಗೆ ಮಾತ್ರ ಕಿವಿ ಕೊಡಿ. ಆಮೇಲೆ ಮಿಸಿಸಿಪ್ಪಿಯ ಓಥಾ ಟರ್ನರ್, ಬಿದಿರಿನ ಕೊಳಲು ಮತ್ತು ಡೋಲು. ಅಮೆರಿಕದಲ್ಲಿ ಡೋಲು ಪೂರ್ತಿ ಸತ್ತಿತ್ತು ಅನ್ನುವವರಿಗೆ ಅದೇ ಉತ್ತರ. 2003ರವರೆಗೆ ಇದ್ದರು. ಜೋ ಥಾಂಪ್ಸನ್ ಕೇಳಿ. ಹವಾನಾದ ಡೋಲು ವಾದಕ ಚಾನೊ ಪೊಜೊ, ಜಾಝ್ ತುತ್ತೂರಿಯ ಡಿಜ್ಜಿ ಗಿಲೆಸ್ಪಿ ಜೊತೆ 1947ರಲ್ಲಿ ನುಡಿಸಿದ "ಮಾಂಟೆಕಾ" ಕೇಳಿ, ಹವಾನಾದ ಕೈ ಜಾಝ್ ಬ್ಯಾಂಡಿನೊಳಗೆ ಹೇಗೆ ಕೂತಿತು ಅಂತ ತಿಳಿಯುತ್ತದೆ. ಗಿಟಾರ್ ವಾದಕ ಬೋ ಡಿಡ್ಲಿಯ 1955ರ ಮೊದಲ ರೆಕಾರ್ಡ್ ಹಾಕಿ, ಲಯವಿನ್ಯಾಸ ಅವರು ಹೇಳಿದ ಐದು ಪೆಟ್ಟನ್ನು ಅದರ ಮೇಲೆ ತಟ್ಟಿ ನೋಡಿ. ಕೊನೆಗೆ ಲೋಸ್ ಮುನ್ಯೆಕಿಟೋಸ್ ದೆ ಮಟಾನ್ಸಾಸ್, 1952ರಿಂದ ಇರುವ ರುಂಬಾ ತಂಡ.

ಲಯವಿನ್ಯಾಸ

ಮುನ್ಯೆಕಿಟೋಸ್ ಕೇಳುವಾಗ ಒಂದು ಮಾತು. ಮೊದಲ ಸಲ ಡೋಲುಗಳನ್ನು ಹಿಂಬಾಲಿಸಬೇಡಿ, ಕಳೆದುಹೋಗುತ್ತೀರಿ. ಕ್ಲಾವೆಯ ಕಡ್ಡಿ ಸದ್ದು ಹಿಡಿದು ಕೈಯಲ್ಲಿ ತಟ್ಟುತ್ತಾ ಇರಿ. ರುಂಬಾ ಕ್ಲಾವೆ ಅದು, ಮೂರನೇ ಪೆಟ್ಟು ತಡ. ಎರಡನೇ ಸಲ ತಗ್ಗುಸ್ವರದ ಎರಡು ಡೋಲು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ನೋಡಿ. ಮೂರನೇ ಸಲ ಎಲ್ಲಕ್ಕಿಂತ ಏರುಸ್ವರದ ಕ್ವಿಂಟೊ. ಬಟಾದಲ್ಲಿ, ಎವೆ ತಂಡಗಳಲ್ಲಿ ಮುಂದೆ ನಿಂತು ಮಾತಾಡುವುದು ದೊಡ್ಡ, ಮಂದ್ರದ ಡೋಲು. ರುಂಬಾದಲ್ಲಿ ತಿರುವುಮುರುವು, ಮಾತಾಡುವುದು ಚಿಕ್ಕದು. ಕ್ಯೂಬಾದ ಜನ ತಂದದ್ದನ್ನು ಹಾಗೇ ಇಟ್ಟುಕೊಂಡು ಕೂರಲಿಲ್ಲ ಅನ್ನುವುದು ಅಲ್ಲೇ ಕೇಳಿಸುತ್ತದೆ. ಕ್ವಿಂಟೊ ಹಿಡಿಯಲು ಬಂದಾಗ ಇಲ್ಲಿ ಬರೆಯಿರಿ, ಮುಂದಿನದು ಹೇಳುತ್ತೇನೆ.